ನಗರದ ಗಾಳಿ: ಅಳತೆ ಮತ್ತು ಅರ್ಥ

ಹಾಲಿಗೆ ನೀರು ಬೆರೆಸಿದ್ದಾರೆಯೇ ಎಂದು ನೋಡಲು ಲ್ಯಾಕ್ಟೋಮೀಟರ್ ಇದೆ. ಜ್ವರ ಎಷ್ಟೆಂದು ತಿಳಿಯಲು ಥರ್ಮಾಮೀಟರ್ ಇದೆ. ಕುಡಿಯುವ ನೀರು ಕದಡಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಬೇಡವೆನಿಸಿದರೆ ಚೆಲ್ಲಿ ಬೇರೆ ನೀರು ತರಬಹುದು. ಗಾಳಿಯ ವಿಷಯ ಹಾಗಲ್ಲ. ನಾವು ಪ್ರತಿಯೊಬ್ಬರೂ ದಿನವೊಂದಕ್ಕೆ 10 ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಅದನ್ನು ಆರಿಸಿ ತರುವಂತಿಲ್ಲ, ಸ್ವಲ್ಪ ಹೊತ್ತು ಬೇಡವೆಂದು ಬಿಡುವಂತೆಯೂ ಇಲ್ಲ. ಹಾಗಿದ್ದ ಮೇಲೆ ಆ ಗಾಳಿಯಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿಯುವುದು ಹೇಗೆ? ಪತ್ರಿಕೆಯಲ್ಲಿ, ದೂರದರ್ಶನದಲ್ಲಿ, ಮೊಬೈಲ್ ಫೋನಿನಲ್ಲಿ ‘ಇಂದಿನ ವಾಯು ಗುಣಮಟ್ಟ ಸೂಚ್ಯಂಕ 250’ ಎಂದು ಬರುತ್ತದಲ್ಲ, ಆ 250 ಎಲ್ಲಿಂದ ಬಂತು? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳನ್ನು ಇಂದು ನಾವು ಒಟ್ಟಿಗೆ ಕುಳಿತು ವಿಚಾರಮಾಡೋಣ.

ಮೊದಲು ಒಂದು ಹಳೆಯ ಘಟನೆ. 1952ರ ಡಿಸೆಂಬರ್ 5ರಂದು ಲಂಡನ್ ನಗರವನ್ನು ದಟ್ಟವಾದ ಹೊಗೆಮಂಜು ಮುಸುಕಿತು. ಚಳಿಗಾಲ, ಮನೆಮನೆಯ ಅಗ್ಗಿಷ್ಟಿಕೆಗಳಲ್ಲಿ ಕಲ್ಲಿದ್ದಲು ಉರಿಯುತ್ತಿತ್ತು. ಗಾಳಿ ಬೀಸುವುದು ನಿಂತಿತ್ತು. ಐದು ದಿನ ಆ ಹೊಗೆ ಕದಲಲಿಲ್ಲ. ಮುಂದೆ ನಡೆಯುವವರು ಕಾಣದೆ ಬಸ್ಸುಗಳು ನಿಂತವು, ರಂಗಮಂದಿರದ ಒಳಗೂ ಹೊಗೆ ನುಗ್ಗಿ ಸಂಗೀತ ನಾಟಕವೊಂದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆದರೂ ಲಂಡನ್ನಿನ ಜನ ಇದನ್ನು ಮಹಾ ದುರಂತವೆಂದು ಆಗ ಭಾವಿಸಲಿಲ್ಲ. ಅವರಿಗೆ ಹೊಗೆಮಂಜು ಹೊಸದೇನಲ್ಲ. ಪ್ರತಿ ಚಳಿಗಾಲವೂ ಬರುತ್ತಿದ್ದ ನೆಂಟ.

ಅದು ದುರಂತವೆಂದು ತಿಳಿದದ್ದು ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ. ಒಂದು, ಮರಣ ನೋಂದಣಿಯ ಲೆಕ್ಕ. ಇನ್ನೊಂದು, ನಗರದ ಕೆಲವೆಡೆ ದಿನವೂ ನಡೆಯುತ್ತಿದ್ದ ಹೊಗೆಯ ಅಳತೆ. ಆ ಅಳತೆಯ ವಿಧಾನ ಬಹಳ ಸರಳವಾಗಿತ್ತು. ಗೊತ್ತಾದ ಪ್ರಮಾಣದ ಗಾಳಿಯನ್ನು ಬಿಳಿಯ ಸೋಸುಕಾಗದದ ಮೂಲಕ ಎಳೆಯುವುದು, ಕಾಗದದ ಮೇಲೆ ಬಿದ್ದ ಕಲೆ ಎಷ್ಟು ಕಪ್ಪಾಗಿದೆ ಎಂದು ನೋಡುವುದು, ಅಷ್ಟೆ. ಎರಡೂ ಲೆಕ್ಕಗಳನ್ನು ಒಂದೇ ನಕ್ಷೆಯ ಮೇಲೆ ಬರೆದಾಗ ಹೊಗೆಯ ಗೆರೆ ಏರಿದಾಗ ಸಾವಿನ ಗೆರೆಯೂ ಏರಿತ್ತು. ಮೊದಲ ಅಂದಾಜಿನಂತೆ ಸತ್ತವರು ಸುಮಾರು 4 ಸಾವಿರ. ಮುಂದಿನ ವಾರಗಳ ಸಾವುಗಳನ್ನೂ ಸೇರಿಸಿ ಬಹಳ ವರ್ಷಗಳ ನಂತರ ಮಾಡಿದ ಲೆಕ್ಕದಂತೆ ಸುಮಾರು 12 ಸಾವಿರ. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯಿದೆಯನ್ನು ಮಾಡಿತು. ಒಂದು ಕಪ್ಪು ಕಲೆಯ ಕಾಗದ ಸಾಕ್ಷಿ ಹೇಳದೆ ಹೋಗಿದ್ದರೆ ಆ ಸಾವುಗಳೆಲ್ಲ ‘ಚಳಿಯಿಂದ’, ‘ವಯಸ್ಸಾಗಿ’, ‘ಕೆಮ್ಮಿನಿಂದ’ ಎಂದು ಹರಿದು ಹಂಚಿಹೋಗುತ್ತಿದ್ದವು.

ಈ ಮಾತನ್ನು ನೆನಪಿಡಿ: ಅಳತೆ ಎಂದರೆ ಸಾಕ್ಷಿ. ಸಾಕ್ಷಿಯನ್ನು ಕೇಳುವಾಗ ನಾವು ಏನು ಮಾಡುತ್ತೇವೆ? ನೀನು ನೋಡಿದ್ದು ಏನು, ಎಲ್ಲಿ ನಿಂತು ನೋಡಿದೆ, ಎಷ್ಟು ಹೊತ್ತು ನೋಡಿದೆ, ಯಾವ ಕನ್ನಡಕ ಹಾಕಿಕೊಂಡು ನೋಡಿದೆ ಎಂದು ಪ್ರಶ್ನಿಸುತ್ತೇವೆ. ಗಾಳಿಯ ಅಂಕಿಗೂ ಇವೇ ನಾಲ್ಕು ಪ್ರಶ್ನೆಗಳನ್ನು ಹಾಕಬೇಕು. ಇದಕ್ಕೆ ನಮ್ಮ ರಾಜಧಾನಿ ದೆಹಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಿಮ್ಮಲ್ಲಿ ಕ್ರಿಕೆಟ್ ಪ್ರಿಯರಿಗೆ ಇದು ಗೊತ್ತಿರಬಹುದು. 2017ರ ಡಿಸೆಂಬರ್ 3ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಭಾರತ ಮತ್ತು ಶ್ರೀಲಂಕಾ ತಂಡಗಳ ಟೆಸ್ಟ್ ಪಂದ್ಯ ನಡೆಯುತ್ತಿತ್ತು. ಶ್ರೀಲಂಕಾದ ಆಟಗಾರರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕ್ಷೇತ್ರರಕ್ಷಣೆಗೆ ನಿಂತರು. ಆಟ ಮತ್ತೆ ಮತ್ತೆ ನಿಂತಿತು. ಬೆಳಕು ಸಾಲದಾದರೆ ಅಳೆದು ನೋಡಲು ಅಂಪೈರುಗಳ ಬಳಿ ಲೈಟ್ ಮೀಟರ್ ಇರುತ್ತದೆ. ಗಾಳಿ ಆಡಲು ಯೋಗ್ಯವೇ ಎಂಬುದಕ್ಕೆ ಆಟದ ನಿಯಮಗಳಲ್ಲಿ ಅಂಥ ಅಳತೆ ಇರಲಿಲ್ಲ. ಆದರೆ ದೆಹಲಿಯಲ್ಲಿ ಗಾಳಿಯನ್ನು ಅಳೆಯುವ ಯಂತ್ರಗಳು ಆ ಹೊತ್ತಿಗೆ ಹಲವು ಇದ್ದವು. ಅವು ಏನನ್ನು ಅಳೆಯುತ್ತಿದ್ದವು? ಇದು ನಮ್ಮ ಮೊದಲನೆಯ ಪ್ರಶ್ನೆ.

ನಗರದ ಗಾಳಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಲ್ಮಶಗಳಿವೆ. ಒಂದು ಅನಿಲಗಳು: ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಓಝೋನ್, ಅಮೋನಿಯಾ. ಇನ್ನೊಂದು ತೇಲುಕಣಗಳು. ಕಣಗಳನ್ನು ಅವುಗಳ ಗಾತ್ರದಿಂದ ಗುರುತಿಸುತ್ತಾರೆ. ವ್ಯಾಸ 10 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರುವ ಕಣಗಳಿಗೆ ಪಿಎಂ 10 ಎಂದೂ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರುವವಕ್ಕೆ ಪಿಎಂ 2.5 ಎಂದೂ ಹೆಸರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ದಪ್ಪ ದೂಳನ್ನು ಮೂಗಿನ ರೋಮ, ಗಂಟಲಿನ ಲೋಳೆ ತಡೆಯುತ್ತವೆ. ಪಿಎಂ 2.5 ಮಾತ್ರ ಈ ಕಾವಲುಗಾರರ ಕಣ್ಣು ತಪ್ಪಿಸಿ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಹೋಗುತ್ತದೆ. ಆದ್ದರಿಂದಲೇ ಕಣ್ಣಿಗೆ ಕಾಣುವ ಕೆಂಪು ದೂಳಿಗಿಂತ ಕಾಣದ ಈ ಕಣಗಳಿಗೆ ವಿಜ್ಞಾನಿಗಳು ಹೆಚ್ಚು ಹೆದರುತ್ತಾರೆ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2013ರಲ್ಲಿ ಘೋಷಿಸಿತು.

ಇನ್ನು ಕಾಣದ್ದನ್ನು ತೂಗುವುದು ಹೇಗೆ? ಇಲ್ಲಿ ಒಂದು ಪುಟ್ಟ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಪಿಎಂ 2.5 ಅಳೆಯುವ ಒಂದು ಬಗೆಯ ಯಂತ್ರ ಗಂಟೆಗೆ ಒಂದು ಘನಮೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ದಪ್ಪ ಕಣಗಳನ್ನು ಬಾಗಿಲಲ್ಲೇ ತಡೆದು ಸೂಕ್ಷ್ಮ ಕಣಗಳನ್ನು ಮಾತ್ರ ಒಳಗಿನ ಸೋಸುಹಾಳೆಯ ಮೇಲೆ ಬೀಳಿಸುತ್ತದೆ. ಹಾಳೆಯನ್ನು ಮೊದಲೇ ಅತಿ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿರುತ್ತಾರೆ. 24 ಗಂಟೆಯ ನಂತರ ಮತ್ತೆ ತೂಗುತ್ತಾರೆ. ತೂಕ 2.4 ಮಿಲಿಗ್ರಾಂ ಹೆಚ್ಚಿದೆ ಎಂದುಕೊಳ್ಳಿ. ಅಂದರೆ 2,400 ಮೈಕ್ರೋಗ್ರಾಂ. ಅದನ್ನು 24 ಘನಮೀಟರಿನಿಂದ ಭಾಗಿಸಿ. ಘನಮೀಟರಿಗೆ 100 ಮೈಕ್ರೋಗ್ರಾಂ ಬಂತು. ಇಷ್ಟೇ ಗಣಿತ! ಒಂದು ರೀತಿಯಲ್ಲಿ ಈ ಯಂತ್ರ ಲೋಹದ ಶ್ವಾಸಕೋಶ. ಸರಿಸುಮಾರು ಇಬ್ಬರು ಮನುಷ್ಯರು ಉಸಿರಾಡುವಷ್ಟು ಗಾಳಿಯನ್ನು ಅದೊಂದೇ ಉಸಿರಾಡುತ್ತದೆ, ಮತ್ತು ತನ್ನ ಎದೆಯೊಳಗೆ ಏನು ಕೂತಿದೆ ಎಂದು ತೆರೆದು ತೋರಿಸುತ್ತದೆ. ನಮ್ಮ ಎದೆಯನ್ನು ಹಾಗೆ ತೆರೆದು ನೋಡಲಾಗದು.

ಈ ಹಾಳೆ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ರಾಸಾಯನಿಕ ಪರೀಕ್ಷೆಗೆ ಒಳಪಡಿಸಿದರೆ ಅಲ್ಯೂಮಿನಿಯಂ, ಸಿಲಿಕಾನ್ ಹೆಚ್ಚಿದ್ದಾಗ ಮಣ್ಣಿನ ದೂಳೆಂದೂ, ಪೊಟ್ಯಾಸಿಯಂ ಹೆಚ್ಚಿದ್ದಾಗ ಸೌದೆ, ಹುಲ್ಲು, ಕಸ ಸುಟ್ಟ ಹೊಗೆಯೆಂದೂ ಊಹಿಸಬಹುದು. ಕಳ್ಳ ತನ್ನ ಬೆರಳಚ್ಚು ಬಿಟ್ಟುಹೋಗುವಂತೆ ಹೊಗೆಯೂ ತನ್ನ ಗುರುತನ್ನು ಬಿಟ್ಟಿರುತ್ತದೆ.

ಹಾಳೆ ತೂಗುವ ಪದ್ಧತಿಯಲ್ಲಿ ಫಲಿತಾಂಶ ಬರುವುದು ತಡ. ಇಂದಿನ ಗಾಳಿಯ ವಿಷಯ ನಾಳೆಯೋ ನಾಡಿದ್ದೋ ತಿಳಿಯುತ್ತದೆ. ನಮ್ಮ ದೇಶದಲ್ಲಿ ವಾಯು ಮಾಲಿನ್ಯ ನಿಯಂತ್ರಣ ಕಾಯಿದೆ ಬಂದದ್ದು 1981ರಲ್ಲಿ. 1984ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಷ್ಟ್ರೀಯ ಮಟ್ಟದಲ್ಲಿ ಗಾಳಿಯ ಅಳತೆಯನ್ನು ಆರಂಭಿಸಿತು. ಆ ಕಾರ್ಯಕ್ರಮದಲ್ಲಿ ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ದಿನ ಮಾದರಿ ಸಂಗ್ರಹಿಸುವ ಪದ್ಧತಿ ರೂಢಿಗೆ ಬಂತು. ಇದರ ಜೊತೆಗೆ ಈಗ ಹಗಲಿರುಳೂ ತಾವಾಗಿಯೇ ಅಳೆಯುವ ಕೇಂದ್ರಗಳಿವೆ. ಅಲ್ಲಿ ಕಣಗಳು ಒಂದು ಪಟ್ಟಿಯ ಮೇಲೆ ಬೀಳುತ್ತವೆ. ಪಟ್ಟಿಯ ಮೂಲಕ ಬೀಟಾ ಕಿರಣಗಳನ್ನು ಹಾಯಿಸುತ್ತಾರೆ. ಕಣಗಳು ಹೆಚ್ಚಿದಷ್ಟೂ ಆಚೆ ಬದಿಗೆ ತಲಪುವ ಕಿರಣ ಕಡಿಮೆಯಾಗುತ್ತದೆ. ಆ ಇಳಿಕೆಯಿಂದ ತೂಕ ಗೊತ್ತಾಗುತ್ತದೆ. ಓಝೋನನ್ನು ಅದು ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರಿಂದ ಅಳೆಯುತ್ತಾರೆ. ದೆಹಲಿಯೊಂದರಲ್ಲೇ ಇಂಥ ಸುಮಾರು 40 ಕೇಂದ್ರಗಳಿವೆ.

ಎರಡನೆಯ ಪ್ರಶ್ನೆ: ಎಲ್ಲಿ ನಿಂತು ನೋಡಿದೆ? ದೆಹಲಿಯ ಆನಂದ ವಿಹಾರದಲ್ಲಿ ಒಂದು ಕೇಂದ್ರವಿದೆ. ಅದು ದೊಡ್ಡ ಬಸ್ ನಿಲ್ದಾಣದ ನೆರೆ, ಉತ್ತರ ಪ್ರದೇಶದ ಗಡಿ, ಪಕ್ಕದಲ್ಲೇ ಕೈಗಾರಿಕೆಗಳು. ಲೋಧಿ ರಸ್ತೆಯಲ್ಲಿ ಇನ್ನೊಂದಿದೆ. ಅಲ್ಲಿ ಅಗಲವಾದ ಉದ್ಯಾನ, ಮರಗಳು. ಒಂದೇ ದಿನ, ಒಂದೇ ಗಂಟೆಯಲ್ಲಿ ಇವೆರಡರ ಅಂಕಿ ಬೇರೆ ಬೇರೆ. ಎಲ್ಲ ಕೇಂದ್ರಗಳ ಸರಾಸರಿ ತೆಗೆದು ‘ದೆಹಲಿಯ ಸೂಚ್ಯಂಕ ಇಷ್ಟು’ ಎಂದು ಪ್ರಕಟಿಸುತ್ತಾರೆ. ಅದು ಸುಳ್ಳಲ್ಲ, ಆದರೆ ಸರಾಸರಿ ಗಾಳಿಯನ್ನು ಯಾರೂ ಉಸಿರಾಡುವುದಿಲ್ಲ. ಪ್ರತಿಯೊಬ್ಬರೂ ತಾವು ನಿಂತ ಜಾಗದ ಗಾಳಿಯನ್ನೇ ಉಸಿರಾಡುತ್ತಾರೆ. ಯಂತ್ರ ಸರಿಯಾಗಿದ್ದರೂ ಅದನ್ನು ಇಟ್ಟ ಜಾಗ ಸರಿಯಿಲ್ಲದಿದ್ದರೆ, ಅಥವಾ ಅದರ ಸುತ್ತ ಮಾತ್ರ ನೀರು ಚಿಮುಕಿಸಿ ದೂಳನ್ನು ಅಡಗಿಸಿದರೆ ಸಾಕ್ಷಿ ಕೆಟ್ಟಂತೆ. ಜ್ವರ ಬಂದ ಮಗುವಿನ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದರೆ ಜ್ವರ ಇಳಿಯುತ್ತದೆಯೇ?

ಮೂರನೆಯ ಪ್ರಶ್ನೆ: ಯಾವಾಗ, ಎಷ್ಟು ಹೊತ್ತು ನೋಡಿದೆ? ದೆಹಲಿಯ ಗಾಳಿ ಮಳೆಗಾಲದಲ್ಲಿ ತಿಳಿಯಾಗುತ್ತದೆ, ನವೆಂಬರ್ ಬಂತೆಂದರೆ ಕೆಡುತ್ತದೆ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಇಡುವುದು ಒಂದು ಕಾರಣ, ಪಟಾಕಿ ಒಂದು ಕಾರಣ. ವಾಹನ, ಕಾರ್ಖಾನೆ, ಕಟ್ಟಡ ಕೆಲಸ, ಕಸದ ಬೆಂಕಿ ಇವು ವರ್ಷವಿಡೀ ಇರುವ ಕಾರಣಗಳು. ಆದರೆ ಅದೇ ಹೊಗೆ ಚಳಿಗಾಲದಲ್ಲಿ ಏಕೆ ಇಷ್ಟು ದಟ್ಟವಾಗುತ್ತದೆ? ಒಂದು ಊದುಬತ್ತಿಯನ್ನು ಕಲ್ಯಾಣ ಮಂಟಪದಲ್ಲಿ ಹಚ್ಚಿ, ಅದೇ ಊದುಬತ್ತಿಯನ್ನು ಬಾಗಿಲು ಮುಚ್ಚಿದ ದೇವರ ಕೋಣೆಯಲ್ಲಿ ಹಚ್ಚಿ. ಊದುಬತ್ತಿ ಒಂದೇ, ಕಣ್ಣುರಿ ಬೇರೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿಯೂ ತಂಪಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಮುಚ್ಚಳದಂತೆ ಕೂರುತ್ತದೆ. ಇದಕ್ಕೆ ಉಷ್ಣತಾ ವಿಪರ್ಯಯ ಎನ್ನುತ್ತಾರೆ. ಹೊಗೆ ಮೇಲೇರಲು ಜಾಗವಿಲ್ಲದೆ ಕೆಲವು ನೂರು ಮೀಟರುಗಳೊಳಗೇ ಸಿಕ್ಕಿಕೊಳ್ಳುತ್ತದೆ. 1952ರ ಲಂಡನ್ನಿನಲ್ಲಿ ಆದದ್ದೂ ಇದೇ. ಆದ್ದರಿಂದಲೇ ಅಳತೆ ಕೇಂದ್ರಗಳಲ್ಲಿ ಗಾಳಿಯ ವೇಗ, ದಿಕ್ಕು, ಉಷ್ಣತೆ, ತೇವಾಂಶಗಳನ್ನೂ ದಾಖಲಿಸುತ್ತಾರೆ. ಒಂದು ದಿನ ಅಂಕಿ ಇಳಿದರೆ ಅದು ನಾವು ಹೊಗೆ ಕಡಿಮೆಮಾಡಿದ್ದರಿಂದಲೋ, ಗಾಳಿ ಜೋರಾಗಿ ಬೀಸಿದ್ದರಿಂದಲೋ ಎಂದು ತಿಳಿಯಬೇಡವೆ?

ಇನ್ನು ನಾಲ್ಕನೆಯ ಪ್ರಶ್ನೆ: ಯಾವ ಕನ್ನಡಕ? ಅಂದರೆ ಯಾವ ಅಳತೆಗೋಲು? ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕ 2015ರಲ್ಲಿ ಜಾರಿಗೆ ಬಂತು. ಅದು ಐದು ಅನಿಲಗಳು, ಎರಡು ಬಗೆಯ ಕಣಗಳು ಮತ್ತು ಸೀಸ, ಹೀಗೆ ಎಂಟು ಕಲ್ಮಶಗಳನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 500ರವರೆಗೆ ಅಂಕ ಕೊಡುತ್ತಾರೆ. ಆಮೇಲೆ ಅವುಗಳ ಸರಾಸರಿ ತೆಗೆಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಬಂದ ಅಂಕವೇ ಆ ಕೇಂದ್ರದ ಸೂಚ್ಯಂಕ. ಪರೀಕ್ಷೆಯಲ್ಲಿ ಐದು ವಿಷಯದಲ್ಲಿ ಚೆನ್ನಾಗಿ ಅಂಕ ಬಂದು ಒಂದರಲ್ಲಿ ನಪಾಸಾದರೆ ಫಲಿತಾಂಶ ಏನು? ಇಲ್ಲಿಯೂ ಹಾಗೆಯೇ. ಗಂಧಕದ ಡೈಆಕ್ಸೈಡ್ ಕಡಿಮೆ ಇದೆ ಎಂದು ಪಿಎಂ 2.5ರ ತಪ್ಪನ್ನು ಮನ್ನಿಸುವುದಿಲ್ಲ.

50ರವರೆಗೆ ‘ಉತ್ತಮ’, 100ರವರೆಗೆ ‘ತೃಪ್ತಿಕರ’, 200ರವರೆಗೆ ‘ಮಧ್ಯಮ’, 300ರವರೆಗೆ ‘ಕಳಪೆ’, 400ರವರೆಗೆ ‘ತೀರ ಕಳಪೆ’, ಅದಕ್ಕೂ ಮೇಲೆ ‘ತೀವ್ರ’. ಪಿಎಂ 2.5ರ ದಿನದ ಸರಾಸರಿ ಘನಮೀಟರಿಗೆ 105 ಮೈಕ್ರೋಗ್ರಾಂ ಇದ್ದರೆ ಅದು ಸುಮಾರು 250ರ ಸೂಚ್ಯಂಕ. ನಾವು ಆರಂಭದಲ್ಲಿ ಕೇಳಿದ 250 ಹೀಗೆ ಬರಬಹುದು. ಅದು ‘ಕಳಪೆ’ ಗಾಳಿ.

ಆದರೆ ಈ ಪದಗಳನ್ನು ಎಚ್ಚರದಿಂದ ಓದಬೇಕು. ಪಿಎಂ 2.5 ದಿನಕ್ಕೆ 60 ಮೈಕ್ರೋಗ್ರಾಂ ಮೀರಬಾರದು ಎಂಬುದು 2009ರಲ್ಲಿ ನಾವು ಮಾಡಿಕೊಂಡ ರಾಷ್ಟ್ರೀಯ ಮಾನಕ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಅಂದರೆ ನಮ್ಮಲ್ಲಿ ‘ತೃಪ್ತಿಕರ’ ಎನಿಸಿಕೊಂಡ ಗಾಳಿಯಲ್ಲೂ ಆ ಮಿತಿಯ ನಾಲ್ಕು ಪಟ್ಟು ಕಣಗಳಿರಬಹುದು. ಒಂದೇ ಊರಿಗೆ ಎರಡು ಮೊಬೈಲ್ ಆ್ಯಪ್‌ಗಳು ಎರಡು ಅಂಕಿ ತೋರಿಸಿದರೆ ಗಾಬರಿಯಾಗಬೇಡಿ. ಒಂದು ನಮ್ಮ ದೇಶದ ಅಳತೆಗೋಲನ್ನೂ ಇನ್ನೊಂದು ಅಮೆರಿಕದ ಅಳತೆಗೋಲನ್ನೂ ಬಳಸುತ್ತಿರಬಹುದು. ಅಗ್ಗದ ಪುಟ್ಟ ಯಂತ್ರಗಳು ಕಣಗಳಿಂದ ಚದರಿದ ಬೆಳಕನ್ನು ನೋಡಿ ಲೆಕ್ಕ ಹಾಕುತ್ತವೆ; ಮಂಜು ಬಿದ್ದ ಬೆಳಗ್ಗೆ ಕಣಗಳು ತೇವ ಹೀರಿ ಉಬ್ಬಿರುತ್ತವೆಯಾಗಿ ಅವು ಅಂಕಿಯನ್ನು ಹೆಚ್ಚಾಗಿ ತೋರಿಸಬಹುದು. ದೊಡ್ಡ ಯಂತ್ರದ ಪಕ್ಕದಲ್ಲಿಟ್ಟು ತಾಳೆ ನೋಡಿದ ಮೇಲೆಯೇ ಅವನ್ನು ನಂಬಬೇಕು.

ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದು ನೀವು ಕೇಳಬಹುದು. ಏಕೆಂದರೆ ಈ ಅಂಕಿಯ ಮೇಲೆ ಜನರ ಬದುಕು ನಿಂತಿದೆ. ದೆಹಲಿಯಲ್ಲಿ 2017ರಿಂದ ಒಂದು ಹಂತ ಹಂತದ ಕ್ರಿಯಾಯೋಜನೆ ಇದೆ. ಸೂಚ್ಯಂಕ ಏರಿದಂತೆ ಕಟ್ಟಡ ಕೆಲಸ ನಿಲ್ಲುತ್ತದೆ, ಲಾರಿಗಳಿಗೆ ತಡೆ ಬೀಳುತ್ತದೆ, ಶಾಲೆಯ ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳಬೇಕಾಗುತ್ತದೆ. ಅಂಕಿ ಸುಳ್ಳಾಗಿ ಹೆಚ್ಚು ತೋರಿಸಿದರೆ ದಿನಗೂಲಿಯ ಕಟ್ಟಡ ಕಾರ್ಮಿಕ ಅಂದಿನ ಕೂಲಿ ಕಳೆದುಕೊಳ್ಳುತ್ತಾನೆ. ಸುಳ್ಳಾಗಿ ಕಡಿಮೆ ತೋರಿಸಿದರೆ ಅದೇ ಕಾರ್ಮಿಕನ ಮಗು ಕೆಮ್ಮುತ್ತದೆ. ಆದ್ದರಿಂದ ಅಳತೆ ಪ್ರಾಮಾಣಿಕವಾಗಿರಲೇಬೇಕು.

ಪ್ರಾಮಾಣಿಕ ಅಳತೆಯ ಆಚೆಗೆ ಕ್ರಮವೂ ಬೇಕು. 1998ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬಸ್ಸುಗಳನ್ನು ಡೀಸೆಲ್‌ನಿಂದ ಸಿಎನ್‌ಜಿಗೆ ಬದಲಿಸುವಂತೆ ಆದೇಶಿಸಿತು. 2002ರ ಕೊನೆಯ ಹೊತ್ತಿಗೆ ಅದು ಜಾರಿಯಾಯಿತು. ಆಮೇಲೆ ವಾಹನಗಳ ಸಂಖ್ಯೆಯೇ ಬೆಳೆಯುತ್ತ ಹೋಗಿ ಗಳಿಸಿದ ಲಾಭ ಕರಗಿತು. ಗಳಿಸಿದ್ದೂ ಕಳೆದುಕೊಂಡದ್ದೂ ನಮಗೆ ತಿಳಿಯುವುದು ವರ್ಷವರ್ಷವೂ ಬಿಡದೆ ಅಳೆದಿಟ್ಟ ದಾಖಲೆಯಿಂದಲೇ.

ಈಗ ನಮ್ಮ ರಾಜ್ಯದ ಕಡೆ ತಿರುಗೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ದೆಹಲಿಯ ಚಳಿಗಾಲದಷ್ಟು ಬಿಗಿಯಾದ ಮುಚ್ಚಳ ಇಲ್ಲಿ ಬೀಳುವುದಿಲ್ಲ. ಇದು ಪ್ರಕೃತಿಯ ಕೊಡುಗೆ, ನಮ್ಮ ಸಾಧನೆಯಲ್ಲ. ಪೀಣ್ಯ, ಹೆಬ್ಬಾಳ, ಜಯನಗರ, ಸಿಲ್ಕ್ ಬೋರ್ಡ್ ಮೊದಲಾದೆಡೆ ಅಳತೆ ಕೇಂದ್ರಗಳಿವೆ. 2019ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳು ಸೇರಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ. ಆದರೆ ನಿಮ್ಮ ಊರಿನ ಬಸ್ ನಿಲ್ದಾಣದ ಬಳಿ, ಕಲ್ಲು ಒಡೆಯುವ ಘಟಕದ ಬಳಿ, ಸೌದೆ ಒಲೆಯ ಅಡುಗೆಮನೆಯಲ್ಲಿ ಯಂತ್ರವಿದೆಯೇ? ಇಲ್ಲದಿರಬಹುದು. ಯಂತ್ರವಿಲ್ಲ ಎಂದರೆ ಮಾಲಿನ್ಯವಿಲ್ಲ ಎಂದು ಅರ್ಥವಲ್ಲ. ಸಾಕ್ಷಿಯಿಲ್ಲ ಎಂದು ಮಾತ್ರ ಅರ್ಥ. ದಿನವಿಡೀ ವೃತ್ತದಲ್ಲಿ ನಿಂತು ಕೈ ತೋರುವ ಸಂಚಾರ ಪೊಲೀಸರು, ಫುಟ್‌ಪಾತಿನ ಮೇಲೆ ಹೂ ಮಾರುವ ಅಜ್ಜಿ, ಇವರ ಉಸಿರಿನ ಲೆಕ್ಕ ಯಾವ ಸರಾಸರಿಯಲ್ಲೂ ಪೂರ್ತಿ ಸಿಗುವುದಿಲ್ಲ.

ನೀವೇನು ಮಾಡಬಹುದು? ಎರಡು ಸುಲಭ ಕೆಲಸ ಹೇಳುತ್ತೇನೆ. ಒಂದು, ನಾಲ್ಕು ಬಿಳಿ ರಟ್ಟಿನ ತುಂಡುಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಶಾಲೆಯ ಗೇಟು, ತರಗತಿ, ಅಡುಗೆಮನೆ, ಮರದ ನೆರಳು, ಹೀಗೆ ನಾಲ್ಕು ಕಡೆ ಒಂದು ದಿನ ತೂಗುಹಾಕಿ. ಮರುದಿನ ಭೂತಗನ್ನಡಿಯಲ್ಲಿ ನೋಡಿ, ಒಂದು ಚದರ ಸೆಂಟಿಮೀಟರಿನಲ್ಲಿರುವ ಕಣಗಳನ್ನು ಎಣಿಸಿ ಬರೆದಿಡಿ. ಇದರಲ್ಲಿ ಸಿಗುವುದು ದಪ್ಪ ದೂಳು ಮಾತ್ರ, ಪಿಎಂ 2.5 ಅಲ್ಲ ಎಂಬುದನ್ನು ಮರೆಯಬೇಡಿ. ಆದರೂ ಜಾಗ ಬದಲಾದರೆ ಗಾಳಿ ಬದಲಾಗುತ್ತದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಎರಡು, ನಿಮಗೆ ಹತ್ತಿರದ ಕೇಂದ್ರದ ಸೂಚ್ಯಂಕವನ್ನು ಒಂದು ತಿಂಗಳು ದಿನವೂ ಒಂದೇ ಹೊತ್ತಿಗೆ ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಅಂದು ಮಳೆ ಬಂತೇ, ಗಾಳಿ ಬೀಸಿತೇ, ಹಬ್ಬವಿತ್ತೇ ಎಂದು ಗುರುತುಹಾಕಿ. ತಿಂಗಳ ಕೊನೆಗೆ ನಕ್ಷೆ ಎಳೆದು ನೋಡಿ. ಲಂಡನ್ನಿನ ಆ ಎರಡು ಗೆರೆಗಳಂತೆ ನಿಮ್ಮ ಗೆರೆಯೂ ಏನನ್ನೋ ಹೇಳುತ್ತದೆ.

ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ, ಕೆಲವರು ವೈದ್ಯರು, ಕೆಲವರು ನಗರಸಭೆಯ ಸದಸ್ಯರು. ಎಲ್ಲರೂ ಉಸಿರಾಡುವವರೇ. ನಾಳೆ ಪತ್ರಿಕೆಯಲ್ಲಿ ಗಾಳಿಯ ಅಂಕಿ ಕಂಡಾಗ ಹೆದರಿಯೂ ಸುಮ್ಮನಾಗಬೇಡಿ, ನೆಮ್ಮದಿಗೊಂಡೂ ಸುಮ್ಮನಾಗಬೇಡಿ. ಏನು, ಎಲ್ಲಿ, ಎಷ್ಟು ಹೊತ್ತು, ಯಾವ ಅಳತೆಗೋಲು ಎಂದು ನಾಲ್ಕು ಪ್ರಶ್ನೆ ಕೇಳಿ. ಕೇಳುವವರಿದ್ದಾರೆ ಎಂದು ತಿಳಿದರೆ ಅಳೆಯುವವರೂ ಎಚ್ಚರವಾಗಿರುತ್ತಾರೆ, ಹೊಗೆ ಬಿಡುವವರೂ ಎಚ್ಚರವಾಗಿರುತ್ತಾರೆ.